ಹಿಂದಿನ ಬಾಗಿಲ ಕನಕಪ್ಪನವರು

ಚುನಾವಣೆ ಬಂತೆಂದರೆ ರಾಣೆಬೆನ್ನೂರಿನ ನಾಗರಿಕ ನಿಗಾ ಸಮಿತಿಯ ಕನಕಪ್ಪನವರಿಗೆ ಮತಗಟ್ಟೆಗಳೆಲ್ಲ ಬಸ್ಸಿನಂತೆ ಕಾಣುತ್ತವೆ. ಮೂವತ್ತು ವರ್ಷ ಹಾವೇರಿ ರೂಟಿನಲ್ಲಿ ಕಂಡಕ್ಟರಾಗಿದ್ದವರಿಗೆ ಬೇರೆ ಹೇಗೆ ಕಂಡಾವು? ಲೋಕಸಭೆ ಮತದಾನಕ್ಕೆ ಇನ್ನೂ ತಿಂಗಳಿರುವಾಗಲೇ ಶಾಲೆ ಶಾಲೆಗೆ ಹೋಗಿ ಕಿಟಕಿಯ ಚಿಲಕ ಎಳೆದು ನೋಡುತ್ತಾರೆ, ಗಾಲಿಕುರ್ಚಿಯಲ್ಲಿ ತಾವೇ ಕೂತು ರ‍್ಯಾಂಪ್ ಹತ್ತುತ್ತಾರೆ, ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಸೀನುತ್ತಿದ್ದ ಪೊಲೀಸರನ್ನು ಕಂಡು, “ಸೀನೂವಾಗ ಕಣ್ಣು ಮುಚ್ಚತಾವ್ರಿ ಸಾಹೇಬ್ರ, ಇನ್ನೊಬ್ಬರನ್ನ ಕರಸ್ರಿ” ಎಂದು ಬಂದೋಬಸ್ತು ಹೆಚ್ಚಿಸುತ್ತಾರೆ. ಹೊರಡುವಾಗ ತಿರುಗಿ, “ಯಾರರ ಉಳದಾರೇನ್ರಿ?” ಎಂದು ಖಾಲಿ ಕೋಣೆಯನ್ನೂ ಕೇಳುವುದು, ಬಸ್ಸು ಬಿಡಲು ಸೀಟಿ ಹೊಡೆಯುವ ಮುಂಚಿನ ಹಳೆಯ ಚಟ. ಅವರ ಹಠ ಮಾತ್ರ ಒಂದೇ: ಹತ್ತಲು ಒಂದು ಬಾಗಿಲು, ಇಳಿಯಲು ಇನ್ನೊಂದು. ನಮ್ಮ ಓಣಿಯ ಶಾಲೆಯಲ್ಲಿ ಹಿಂದಿನ ಬಾಗಿಲಿಗೆ ದೊಡ್ಡ ಕಪಾಟು ಅಡ್ಡ ನಿಂತಿತ್ತು. ಏಳು ವರದಿ ಬರೆದು ಅದನ್ನು ಸರಿಸಿದರು. ಚುನಾವಣೆಯಲ್ಲಿ ಹಿಂಬಾಗಿಲಿಗಾಗಿ ಬಹಿರಂಗವಾಗಿ ಹೋರಾಡಿದ ಪ್ರಾಮಾಣಿಕರು ಇವರೊಬ್ಬರೇ ಇರಬೇಕು. ಕಳೆದ ಲೋಕಸಭೆ ಚುನಾವಣೆಯಲ್ಲಿ, ಆಗಿನ್ನೂ ನೌಕರಿಯಲ್ಲಿದ್ದ ಕನಕಪ್ಪನವರು ಊರ ಮಂದಿಯನ್ನೆಲ್ಲ ಬಸ್ಸಿನಲ್ಲಿ ಮತದಾನಕ್ಕೆ ತಂದು ಇಳಿಸುತ್ತಿದ್ದಾಗ, ಕೋಲೂರಿ ನಡೆಯುವ ಅವರ ಹೆಂಡತಿ ಜಯವ್ವ ಇದೇ ಶಾಲೆಯ ಒಂಟಿ ಬಾಗಿಲ ನೂಕಾಟದಲ್ಲಿ ಬಿದ್ದು, ಓಟು ಹಾಕದೆ ಮನೆಗೆ ಮರಳಿದ್ದರು. ಈ ಸಲ ಮತದಾನದ ದಿನ ಕನಕಪ್ಪನವರು ನೂರು ಮೀಟರಿನ ಗೆರೆಯಾಚೆ, ಕಂಡಕ್ಟರಿಕೆಯ ಹಳೆಯ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಮುಂದಿನ ಬಾಗಿಲಲ್ಲಿ ಹೋದ ಜಯವ್ವ ಹಿಂದಿನ ಬಾಗಿಲಿನಿಂದ ನಿಧಾನವಾಗಿ, ಯಾರ ಮೈಯೂ ತಾಗದಂತೆ ಹೊರಬಂದರು. ಗೆರೆ ದಾಟಿದವರೇ ಶಾಯಿಯ ಬೆರಳೆತ್ತಿ ಕೂಗಿದರು: “ಯಾರೂ ಉಳದಿಲ್ರೀ, ಹೊಡೀರಿ ಸೀಟಿ!”