ವಾಲಿಬಾಲ್ ಗ್ರೂಪಿಗೆ ಹೋದ ಸರ್ವರ್ ಕೀ

ನಮ್ಮ ಆಫೀಸಿನ ಪ್ರೋಗ್ರಾಂಗಳೆಲ್ಲ ಇರುವ ಸರ್ವರಿಗೆ ಯಾರೋ ನುಗ್ಗಿ ಎಲ್ಲ ಅಳಿಸಿದ ಹಾಗೆ ಮೊನ್ನೆ ಕನಸು ಬಿತ್ತು ಸ್ನೇಹಿತರೇ. ಅದರ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟಿದ್ದೆವು. ಆಫೀಸಿನಲ್ಲಿ ಕನಸನ್ನು ಹೇಳಿದೆ. ಮನೆಯಿಂದ ಕೆಲಸ ಮಾಡುವವರು ಇನ್ನು ಪಾಸ್‌ವರ್ಡ್ ಬಿಟ್ಟು ಕೀ ಫೈಲಿನಿಂದಲೇ ಒಳಗೆ ಬರಬೇಕೆಂದು ತೀರ್ಮಾನವಾಯಿತು. ಒಬ್ಬೊಬ್ಬರೂ ಎರಡು ಫೈಲಿನ ಜೋಡಿ ಮಾಡಿ, ಒಂದನ್ನು ಸರ್ವರಿಗೆ ಹಾಕಲು ಕಳಿಸಬೇಕು, ಇನ್ನೊಂದನ್ನು ತಾವೇ ಇಟ್ಟುಕೊಳ್ಳಬೇಕು.

ಇವತ್ತು ನನ್ನ ಫೈಲನ್ನು ಸರ್ವರ್ ನೋಡಿಕೊಳ್ಳುವ ಲವೀನಾ ಮೇಡಮ್ಮಿಗೆ ಕಳಿಸುವ ಬದಲು ನಮ್ಮೂರು ವರ್ಕಾಡಿಯ ವಾಲಿಬಾಲ್ ವಾಟ್ಸಾಪ್ ಗ್ರೂಪಿಗೆ ಕಳಿಸಿಬಿಟ್ಟೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಇದೆಲ್ಲ ಎಲ್ಲಿ ಗೊತ್ತು; ಕೆಲಸ ಹೋಯಿತೆಂದೇ ಮೇಡಮ್ಮಿಗೆ ಫೋನ್ ಮಾಡಿದೆ.

"ಎರಡು ಫೈಲಲ್ಲಿ ಯಾವುದು ಕಳಿಸಿದ್ದು ಮಾರಾಯ?"

"ಹೆಸರಿನ ಕೊನೆಗೆ ಪಬ್ ಅಂತ ಬಾಲ ಇರುವುದು."

"ಅದು ಸರ್ವರಿಗೆ ಹಾಕುವ ಬರೀ ಬೀಗ. ಬೀಗ ಊರೆಲ್ಲ ನೋಡಿದ್ರೆ ಎಂತ ಆಗ್ತದೆ? ಕೀ ಅಂದ್ರೆ ಇನ್ನೊಂದು ಫೈಲು, ಅದು ನಿನ್ನ ಹತ್ರವೇ ಉಂಟಲ್ಲ."

ಹೋದ ಜೀವ ಬಂತು. ಗ್ರೂಪಿನಲ್ಲಿ ಮೂವರು ಆಗಲೇ ಹೆಬ್ಬೆರಳಿನ ಚಿತ್ರ ಹಾಕಿದ್ದರು.

ಮೇಡಂ, ಹಳೇ ಪಾಸ್‌ವರ್ಡ್ ಬಂದ್ ಆದದ್ದು ಹೌದಾ ಅಂತ ಇನ್ನೊಮ್ಮೆ ನೋಡಿ. ಕ್ಯಾಲೆಂಡರ್ ಇನ್ನೂ ಗೋಡೆಯಲ್ಲೇ ಉಂಟು.