ಹಠಕ್ಕೆ ಕಾದವರು

ಬಿಜೈಯ ನಮ್ಮ ಫ್ಲ್ಯಾಟಿನ ಲಿಫ್ಟು ನಾಲ್ಕನೆಯ ಮಹಡಿಯಿಂದ ನೆಲ ಮುಟ್ಟುವಷ್ಟರಲ್ಲಿ ಇಬ್ಬರು ತಾಯಂದಿರು ತಮ್ಮ ಮಕ್ಕಳ ಮೇಲೆ ಎಷ್ಟು ದೂರು ಹೇಳಿ ಮುಗಿಸಬಲ್ಲರು ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಅದೊಂದು ಸೋಜಿಗ. ಒಬ್ಬಳ ಮಗ ಹಾಲು ಕುಡಿಯುವುದಿಲ್ಲ, ಇನ್ನೊಬ್ಬಳ ಮಗಳು ಮೊಬೈಲ್ ಕೊಡದಿದ್ದರೆ ನೆಲದ ಮೇಲೆ ಹೊರಳುತ್ತಾಳೆ. ಆ ಬಾಬತ್ತಿನಲ್ಲಿ ಹೇಳಲು ಏನೂ ಇಲ್ಲದ ನಾನು ಮೂಲೆಯಲ್ಲಿ ನಿಂತು, ಲಿಫ್ಟು ಎಷ್ಟು ಭಾರ ಹೊರಬಲ್ಲದು ಎಂಬ ಫಲಕವನ್ನು ಸ್ತೋತ್ರದಂತೆ ಓದುತ್ತಿದ್ದೆ. ಹಠ ಎಂಬುದು ಒಂದು ಐಶ್ವರ್ಯವೆಂದೂ ಅದು ಉಳ್ಳವರಿಗೆ ಅದರ ಬೆಲೆ ತಿಳಿಯದೆಂದೂ ಆಗಲೇ ನನಗೆ ಅನಿಸುತ್ತಿತ್ತು.

ಅತ್ತಾವರದ ಆಸ್ಪತ್ರೆಗಳ ಕುರ್ಚಿಗಳನ್ನು ವರ್ಷಗಟ್ಟಲೆ ಸವೆಸಿದ ಮೇಲೆ ನಾನೂ ನನ್ನ ಗಂಡ ಸುರೇಶನೂ ತುಸು ಬೆಳೆದ ಮಗುವನ್ನು ದತ್ತು ತೆಗೆದುಕೊಳ್ಳಲು ನಿಶ್ಚಯಿಸಿದೆವು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಸುರೇಶನಿಗೆ ಬ್ಯಾಂಕಿನಲ್ಲಿ ಕೆಲಸ. ನಮ್ಮೊಡನಿರುವ ಅತ್ತೆ ಜಾತಿ, ಕುಲ ಎಂದೇನೂ ತಕರಾರು ತೆಗೆಯಲಿಲ್ಲ. ಅವರದು ಒಂದೇ ಪ್ರಶ್ನೆ: ಬೆಳೆದ ಮಗು, ಅದಕ್ಕೆ ನಾವು ಬೇಕು ಅನಿಸದಿದ್ದರೆ ಎಂತ ಮಾಡುವುದು? ನಾನು ಪುಸ್ತಕದಲ್ಲಿ ಓದಿದ ಉತ್ತರವೊಂದನ್ನು ಕೊಟ್ಟೆ. ಅದನ್ನು ಅವರೂ ನಂಬಲಿಲ್ಲ, ನಾನೂ ನಂಬಲಿಲ್ಲ.

ಆರು ವರ್ಷದ ನೀಲಮ್ಮ ಕಲಬುರಗಿ ಕಡೆಯ ಒಂದು ಮಕ್ಕಳ ಮನೆಯಿಂದ ನಮ್ಮಲ್ಲಿಗೆ ಬಂದಳು. ದತ್ತಿನ ಕಾಯಂ ಆದೇಶ ಆಗುವ ತನಕ ಅವಳು ನಮ್ಮ ಪೋಷಣೆಯಲ್ಲಿರುವ ಮಗು ಮಾತ್ರ. ಹಿಂದೆ ಒಂದು ಕುಟುಂಬ ಅವಳನ್ನು ಹೀಗೆಯೇ ಕರೆದುಕೊಂಡು ಹೋಗಿ, ವಿಪರೀತ ಹಠ ಎಂದು ಹೇಳಿ ವಾಪಸ್ ತಂದುಬಿಟ್ಟಿತ್ತು ಎಂದು ಅಲ್ಲಿಯವರು ಮೊದಲೇ ತಿಳಿಸಿದ್ದರು. ಕೊಟ್ಟದ್ದನ್ನು ಕಸಿದುಕೊಂಡರೆ ಅದು ದತ್ತಾಪಹಾರವೆಂಬ ಪಾಪ. ಸ್ವೀಕರಿಸಿದ ಮಗುವನ್ನು ಹಿಂದಿರುಗಿಸುವುದಕ್ಕೆ ಯಾವ ಹೆಸರೋ, ನಿಘಂಟು ತಿರುವಿ ಹಾಕಿದರೂ ನನಗೆ ಸಿಗಲಿಲ್ಲ.

ಹಠಮಾರಿಯೆಂದು ಹೆದರಿಕೊಂಡಿದ್ದ ನಮ್ಮೆದುರು ಬಂದು ನಿಂತದ್ದು ವಿಧೇಯತೆಯ ಪ್ರತಿಮೆ. ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದಳು, ತನ್ನ ಟವೆಲನ್ನು ತಾನೇ ಮಡಚುತ್ತಿದ್ದಳು. ಸೋಫಾದ ಮೇಲೆ ಕೂರುವ ಮೊದಲು ಪ್ರತಿ ಸಲವೂ "ಕುಂದರ್ಲೇನ್ರಿ?" ಎಂದು ಅಪ್ಪಣೆ ಕೇಳುತ್ತಿದ್ದಳು. ನೆರೆಹೊರೆಯವರು ಹೊಗಳಿದರು. ಆ ಗುಣವನ್ನೆಲ್ಲ ನಾನೇ ತಿದ್ದಿ ಬೆಳೆಸಿದವಳಂತೆ ಒಂದು ವಾರ ಬೀಗಿದೆ ಕೂಡ. ಆಮೇಲೆ ಹೆದರಿಕೆ ಶುರುವಾಯಿತು. ವಿಧೇಯವಿಲ್ಲದೆ ವಾಕ್ಯ ಪೂರ್ಣವಾಗುವುದಿಲ್ಲ ಎಂದು ತರಗತಿಯಲ್ಲಿ ಪಾಠ ಮಾಡುವ ನನಗೆ, ಬರೀ ವಿಧೇಯವೇ ಇದ್ದು ಕರ್ತೃವೇ ಕಾಣೆಯಾದ ವಾಕ್ಯವೊಂದು ಮನೆಯೊಳಗೆ ಸದ್ದಿಲ್ಲದೆ ಓಡಾಡುತ್ತಿದೆ ಅನಿಸತೊಡಗಿತು.

ಒಂದು ದಿನ ತಲೆ ಬಾಚುತ್ತ, ಇಷ್ಟವಿಲ್ಲದ್ದನ್ನು ಬೇಡ ಅನ್ನಬಹುದು ಮಗಾ ಎಂದು ಮೆಲ್ಲಗೆ ಹೇಳಿದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

"ಹಠ ಮಾಡಿದ್ರ ವಾಪಸ್ ಬಿಟ್ಟು ಬರ್ತಾರ್ರಿ."

ಆ ದನಿಯಲ್ಲಿ ದೂರಿರಲಿಲ್ಲ. ಜೂನಿನಲ್ಲಿ ಮಳೆ ಬರುತ್ತದೆ ಎಂದಷ್ಟೇ ಸಹಜವಾಗಿ ಹೇಳಿದ್ದಳು. ಹಾಗೆಲ್ಲ ಮಾಡುವುದಿಲ್ಲ ಎಂದು ನಾನು ಹೇಳಿದ್ದನ್ನು ಎಂದಿನ ವಿಧೇಯತೆಯಿಂದಲೇ ಒಪ್ಪಿಕೊಂಡಳು. ಅಂದರೆ, ನಂಬಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವಿಲಕ್ಷಣ ತಪಸ್ಸು ಆರಂಭವಾಯಿತು. ಲೋಕದ ತಂದೆ ತಾಯಿಯರು ಮಕ್ಕಳ ಹಠ ಬಿಡಿಸಲು ಹರಕೆ ಹೊತ್ತರೆ ನಾವು ಒಂದೇ ಒಂದು ಹಠಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದೆವು. ಸುರೇಶ ಬೇಕೆಂದೇ ಹಾಗಲಕಾಯಿ ತಂದ, ಅದನ್ನೂ ತಿಂದಳು. ಅಂಗಡಿಯಲ್ಲಿ ಗೊಂಬೆಯ ಎದುರು ಬಹಳ ಹೊತ್ತು ನಿಲ್ಲಿಸಿದೆವು. ಚೆನ್ನಾಗಿದೆ ಎಂದು ಹೇಳಿ ಮುಂದೆ ನಡೆದಳು.

ತಪಸ್ಸು ಫಲಿಸಿದ್ದು ಒಂದು ಭಾನುವಾರ, ಬೂತಾಯಿ ಮೀನಿನ ಸಾರಿನ ಮುಂದೆ. ಅತ್ತೆಗೆ ತಮ್ಮ ಬೂತಾಯಿಯ ಬಗ್ಗೆ ಬಹಳ ಅಭಿಮಾನ. ನೀಲಮ್ಮ ಅಷ್ಟು ದಿನವೂ ಅದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದಳು. ಖಾರ ಹೆಚ್ಚಾಯಿತೇನೋ ಎಂದುಕೊಂಡಿದ್ದೆವು. ಅಂದು ಅತ್ತೆ ಸೌಟು ಹಿಡಿದು ಬಳಿಗೆ ಬಂದಾಗ ಅವಳು ತಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿದಳು.

"ಬೊಡ್ಚಿ," ಎಂದಳು.

ಬೇಡ ಎನ್ನಲು ನಾವು ಬಳಸುವ ತುಳು ಮಾತು ಅದು. ನಮ್ಮ ನಮ್ಮೊಳಗಿನ ಮಾತುಗಳನ್ನು ಕೇಳುತ್ತ ಯಾವಾಗ ಹೆಕ್ಕಿಕೊಂಡಿದ್ದಳೋ. ಮರುಕ್ಷಣ ತಾನು ಆಡಿದ್ದೇನೆಂದು ತಿಳಿದು ಅವಳ ಮುಖ ಬಿಳಿಚಿತು. ತಟ್ಟೆಯನ್ನು ಆಚೆ ನೂಕಿ, ಕುರ್ಚಿಯಿಂದ ಜಾರಿ, ಮೇಜಿನ ಕೆಳಗೆ ಸೇರಿ, ಅಷ್ಟು ತಿಂಗಳು ಕೂಡಿಟ್ಟಿದ್ದ ಅಳುವನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದಳು. ನಡುನಡುವೆ ಒಂದೇ ಪ್ರಶ್ನೆ: "ಬಿಟ್ಟು ಬರ್ತೀರೇನ್ರಿ?"

ಅತ್ತೆ ಸೌಟನ್ನು ಪಾತ್ರೆಗೆ ಹಾಕಿ, ನೋವಿನ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಮೀನು ಬೇಡ ಅಂದವರನ್ನೆಲ್ಲ ಬಿಟ್ಟು ಬರುವುದಾದರೆ ಮೊದಲು ನಿನ್ನ ಅಪ್ಪನನ್ನು ಬಿಟ್ಟು ಬರಬೇಕಿತ್ತು, ಮಾರಾಯ್ತಿ. ಅವನು ಹೈಸ್ಕೂಲಿಗೆ ಹೋಗುವವರೆಗೆ ಮೀನು ಮುಟ್ಟಿದವನಲ್ಲ. ಮೊಟ್ಟೆ ಉಂಟು, ಆಗ್ತದಾ?"

ಅಳು ಬಿಕ್ಕಾಗಿ ಇಳಿದು, ಮೇಜಿನ ಕೆಳಗಿನಿಂದ ಆಗ್ತದೆ ಎಂಬ ಉತ್ತರ ಬಂತು. 'ನಿನ್ನ ಅಪ್ಪ' ಎಂಬ ಮಾತನ್ನು ಅತ್ತೆ ಅಂದೇ ಮೊದಲು ಆಡಿದ್ದು. ಅದು ಅವರ ಗಮನಕ್ಕೆ ಬರಲಿಲ್ಲ. ಸುರೇಶ ಮಾತ್ರ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ.

ಆಮೇಲೆ ಎಲ್ಲ ಸರಾಗವಾಯಿತು ಎಂದು ಬರೆದರೆ ನೀವು ನಂಬಲಾರಿರಿ. ದತ್ತು ಆದೇಶಕ್ಕೆ ಅವಳ ಜಿಲ್ಲೆಯ ಕಚೇರಿಗೇ ಹೋಗಬೇಕಿತ್ತು. ಏಕೆ, ಏನು ಎಂದು ಎಷ್ಟು ಬಿಡಿಸಿ ಹೇಳಿದರೂ, ಬಿಜೈಯ ಬಸ್ ನಿಲ್ದಾಣದಲ್ಲಿ ತನ್ನ ಊರಿನ ಹೆಸರಿನ ಫಲಕ ಕಂಡದ್ದೇ ನೀಲಮ್ಮ ನೆಲದ ಮೇಲೆ ಕೂತುಬಿಟ್ಟಳು. ಎತ್ತಲು ಹೋದರೆ ಕಂಬ ತಬ್ಬಿಕೊಂಡಳು. ಅಷ್ಟು ಕಾದಿದ್ದ ಹಠ ಕೊನೆಗೂ ಪೂರ್ಣಪ್ರಮಾಣದಲ್ಲಿ ಅವತರಿಸಿತ್ತು, ನಾನೋ ಎಂತ ಮಾಡುವುದೆಂದು ತೋಚದೆ ನಿಂತಿದ್ದೆ. ಕಂಡಕ್ಟರ್ ಗಡಿಯಾರ ನೋಡಿಕೊಳ್ಳುತ್ತಿದ್ದ.

ಬೀಳ್ಕೊಡಲೆಂದಷ್ಟೇ ಬಂದಿದ್ದ ಅತ್ತೆ, ಆಟೋದಲ್ಲಿ ಮನೆಗೆ ಹಿಂದಿರುಗಬೇಕಾಗಿದ್ದವರು, ಯಾರನ್ನೂ ಕೇಳದೆ ಸರಳು ಹಿಡಿದು ಬಸ್ಸು ಹತ್ತಿದರು. ಖಾಲಿಯಿದ್ದ ಕಿಟಕಿಯ ಸೀಟಿನಲ್ಲಿ ಕೂತು ಹೊರಗೆ ತಲೆ ಹಾಕಿದರು.

"ನಾನೂ ಬರ್ತೇನೆ. ವಾಪಸ್ ಬರುವಾಗ ನನ್ನ ಕೈ ಹಿಡಿದು ಇಳಿಸಲಿಕ್ಕೆ ಜನ ಬೇಕು. ನೀನು ಇಳಿಸ್ತೀಯಾ, ಇಲ್ವಾ?"

ನೀಲಮ್ಮ ತಲೆಯೆತ್ತಿ ಕಿಟಕಿಯತ್ತ ನೋಡಿದಳು. ಅಲ್ಲಿಯವರೆಗೆ ಅವಳನ್ನು ಎಲ್ಲರೂ ಕರೆದುಕೊಂಡು ಹೋಗುತ್ತೇವೆ ಅಂದವರೇ. ನನ್ನನ್ನು ಕರೆದುಕೊಂಡು ಬಾ ಎಂದು ಕೇಳಿದವರು ಯಾರೂ ಇದ್ದಿರಲಾರರು. ಅವಳು ಕಂಬ ಬಿಟ್ಟಳು.

ಉಟ್ಟ ಸೀರೆಯಲ್ಲೇ ಹೊರಟ ಅತ್ತೆ ಮರುದಿನ ನನ್ನ ಸೀರೆಯುಟ್ಟು ಅಧಿಕಾರಿಯ ಮುಂದೆ ಕೂತರು. ಆದೇಶವಾಯಿತು. ನಮ್ಮ ನಗರಕ್ಕೆ ಹಿಂದಿರುಗಿದ್ದು ಬೆಳಗ್ಗೆ. ಊರು ಹೊಕ್ಕು ಪಂಪ್‌ವೆಲ್ ವೃತ್ತ ದಾಟುತ್ತಲೇ ಕಂಡಕ್ಟರ್ ದೊಡ್ಡ ದನಿಯಲ್ಲಿ ಪ್ರಯಾಣಿಕರನ್ನು ಎಬ್ಬಿಸುತ್ತ ಬಂದ. ಅತ್ತೆ ಬಾಯಿ ತೆರೆದುಕೊಂಡು, ಆ ಪುಟ್ಟ ಹೆಗಲಿಗೆ ತಲೆಯ ಭಾರವನ್ನೆಲ್ಲ ಹೊರಿಸಿ ನಿದ್ದೆಹೋಗಿದ್ದರು. ನೀಲಮ್ಮ ಮಿಸುಕದೆ ಕೂತೇ ಕಂಡಕ್ಟರನತ್ತ ಕಣ್ಣು ಬಿಟ್ಟಳು.

"ಸುಮ್ನಿರ್ರಿ. ನಮ್ಮ ಅಜ್ಜಿ ಮಲಗ್ಯಾಳ."