ಗಾಡಿಯ ಬಾಯಿ ಮುಚ್ಚಿಸುವ ಸುಮ್ಮನಕ್ಕ

ಶನಿವಾರ ಬೆಳಗಿನ ಐದೂವರೆ. ಶೆಡ್ಡಿನ ಶಟರ್ ಅರ್ಧಕ್ಕೆ ಇಳಿದಿದೆ. ಒಳಗೆ ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದು ನಿಂತಿದೆ. ಅದರ ಎರಡೇ ಎರಡು ಸೀಟುಗಳು ಬಿಚ್ಚಿಸಿಕೊಂಡು ಗೋಡೆಗೊರಗಿವೆ. ಸೀಟು ಇರಬೇಕಾದ ಜಾಗದಲ್ಲಿ ಐವತ್ತೆರಡರ ಹೆಂಗಸೊಬ್ಬರು ತಲೆಯ ಮೇಲೆ ಕಪ್ಪು ಬಟ್ಟೆ ಎಳೆದುಕೊಂಡು ಬೋರಲು ಮಲಗಿದ್ದಾರೆ. ಕಾರಿನ ಅಡಿಯಲ್ಲಿ ದೀಪ ಹಿಡಿದು ತೆವಳುತ್ತಿರುವವರು ಅವರ ಗಂಡ.

"ದೀಪ ಸ್ವಲ್ಪ ಮುಂದಕ್ಕೆ ತಳ್ಳಿ. ಇನ್ನೂ ಸ್ವಲ್ಪ. ಅಯ್ಯೋ, ಬಲಕ್ಕೆ ಅಂದ್ರೆ ಬಲಕ್ಕೆ! ನಿಮ್ಮ ಬಲ ಯಾವುದು, ಎಡ ಯಾವುದು ಅಂತ ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ್ರೂ ನಂಗೆ ಗೊತ್ತಾಗ್ಲಿಲ್ಲ."

ಅಡಿಯಲ್ಲಿ ದೀಪ ಬಲಕ್ಕೆ ಸರಿಯುತ್ತದೆ. ಗಂಡ ಮಿತಭಾಷಿ. ಹೆಂಡತಿಯ ಹೆಸರು ಮಾತ್ರ ಸುಮ್ಮನಕ್ಕ. ಅಪ್ಪ ಅಮ್ಮ ಇಟ್ಟದ್ದಲ್ಲ, ಗ್ಯಾರೇಜಿನವರು ಇಟ್ಟದ್ದು. ಎಂಥ ಅರಚುವ ಗಾಡಿಯನ್ನೂ ಸುಮ್ಮನಾಗಿಸುತ್ತಾರೆ ಎಂಬುದಕ್ಕೆ ಆ ಹೆಸರು. "ಅವರು ಸುಮ್ಮನಿದ್ದದ್ದನ್ನ ಕಂಡವರು ಯಾರೂ ಇಲ್ಲ" ಎಂದು ಪಕ್ಕದ ಶೆಡ್ಡಿನ ಪೇಂಟರ್ ಕಣ್ಣು ಮಿಟುಕಿಸುತ್ತಾರೆ.

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಸೀಟುಗಳ ನಡುವೆ ತಗಡಿನ ಉದ್ದ ದಿಬ್ಬವೊಂದಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಟನಲ್ ಎನ್ನುತ್ತಾರೆ. ಅದರ ಕೆಳಗೆ ಗೇರ್‌ಬಾಕ್ಸ್, ಪಕ್ಕದಲ್ಲೇ ಕೆಂಡದಂಥ ಸೈಲೆನ್ಸರ್ ಪೈಪು. ಅರ್ಧ ಗಂಟೆ ಓಡಿಸಿದರೆ ಸಾಕು, ತಗಡು ಕಾದ ಹೆಂಚಾಗುತ್ತದೆ. ಗೇರಿನ ಸದ್ದಂತೂ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ. ಆ ಬಿಸಿಯನ್ನೂ ಸದ್ದನ್ನೂ ಒಳಗೆ ಬಿಡದಂತೆ ತಡೆಯುವುದೇ ಸುಮ್ಮನಕ್ಕನ ಕಸುಬು. ಹತ್ತೊಂಬತ್ತು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಗಾಡಿಗಳು ಅವರ ಕೈ ದಾಟಿ ಹೋಗಿವೆ. ಮಾಡಿದ್ದೆಲ್ಲ ಕಾರ್ಪೆಟ್ಟಿನ ಅಡಿಗೆ ಹೋಗುತ್ತದೆ. ಕಾರಿನ ಪ್ರದರ್ಶನಗಳಲ್ಲಿ ಜನ ಬಣ್ಣ ನೋಡುತ್ತಾರೆ, ಚಕ್ರ ನೋಡುತ್ತಾರೆ; ಕಾರ್ಪೆಟ್ ಎತ್ತಿ ನೋಡಿದವರನ್ನು ಅಕ್ಕ ಈವರೆಗೆ ಕಂಡಿಲ್ಲ.

ಈ ಕೆಂಪು ಕಾರು ನಿವೃತ್ತ ಗಣಿತದ ಮೇಷ್ಟ್ರದು. ತುಕ್ಕು ತಿಂದ ಅಸ್ಥಿಪಂಜರವನ್ನು ತಂದು ಹನ್ನೊಂದು ವರ್ಷ ಕೂತು ಕಟ್ಟಿದ್ದಾರೆ. ಮೊದಲ ದಿನ ಹೆಂಡತಿಯನ್ನು ಕೂರಿಸಿಕೊಂಡು ಹೋದರು. ವಾಪಸ್ ಬಂದಾಗ ಆಕೆಯ ಬಲಗಾಲಿನ ಮೇಲೆ ರೂಪಾಯಿ ಅಗಲದ ಬೊಬ್ಬೆ ಎದ್ದಿತ್ತು. "ಈ ಮನೇಲಿ ಒಂದೋ ಅದಿರಬೇಕು, ಇಲ್ಲ ನಾನಿರಬೇಕು" ಎಂದು ಮೇಡಂ ಒಂದೇ ಮಾತಿಗೆ ಮುಗಿಸಿದರು. ಮೂರು ಕಡೆ ರಿಪೇರಿಯಾಯಿತು. ಒಬ್ಬರು ಅಂಟಿಸಿದ ಸ್ಪಂಜು ಎಣ್ಣೆ ಕುಡಿದು ನಾತ ಹೊಡೆಯಿತು. ನಾಳೆ ಭಾನುವಾರ ಹಳೆಯ ಕಾರುಗಳೆಲ್ಲ ಸೇರಿ ಬೆಟ್ಟದವರೆಗೆ ಹೋಗುತ್ತವೆ. ಮೇಷ್ಟ್ರು ಇಬ್ಬರ ಹೆಸರನ್ನೂ ಬರೆಸಿದ್ದಾರೆ. ಮೇಡಂ ಬಾರದಿದ್ದರೆ ಕಾರನ್ನು ಕೊಳ್ಳಲು ಕೇಳಿಟ್ಟಿರುವವರಿಗೆ ಕೊಟ್ಟುಬಿಡುವುದು ಎಂದೂ ತೀರ್ಮಾನಿಸಿದ್ದಾರೆ.

ಆರು ದಿನ ಅಕ್ಕ ಈ ಟನಲ್ ಬಿಟ್ಟು ಅಲುಗಾಡಿಲ್ಲ. ದಿಬ್ಬದ ತಗಡನ್ನೇ ಬಿಚ್ಚಿ ಬೆಂಚಿನ ಮೇಲಿಟ್ಟು, ಅದಕ್ಕೆ ಬಳಿದಿದ್ದ ಹಳೆಯ ಡಾಂಬರು ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿದರು. ಹಳೆ ಪೇಪರು ಹಾಸಿ ಅಳತೆ ಕತ್ತರಿಸಿದರು. ಮೊದಲು ಸದ್ದು ನುಂಗುವ ರಬ್ಬರ್ ಹಾಳೆ, ಅದರ ಮೇಲೆ ಫೋಮು, ಕೆಳಬದಿಯಲ್ಲಿ ಬಿಸಿಯನ್ನು ಹಿಂದಕ್ಕೆ ಅಟ್ಟುವ ಬೆಳ್ಳಿಬಣ್ಣದ ಹಾಳೆ. ಒಟ್ಟು ಮೂವತ್ತೊಂದು ತುಂಡು. ಪ್ರತಿ ತುಂಡನ್ನೂ ಕೈರೋಲರಿನಿಂದ ಉಜ್ಜಿ, ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟರು. "ಟಣ್ ಅಂದ್ರೆ ತಗಡು ಇನ್ನೂ ಮಾತಾಡ್ತಿದೆ ಅಂತ. ಟಪ್ ಅಂತ ಬಾಯಿ ಮುಚ್ಚಬೇಕು. ಅದಕ್ಕೇ ನಾನು ಬೆಳಗಿನ ಜಾವ ಬರೋದು. ರಸ್ತೆ ಎದ್ದರೆ ನನ್ನ ಕಿವಿಗೆ ಕೆಲಸವಿಲ್ಲ."

ಆದರೆ ನಿನ್ನೆ ಸಂಜೆ ಓಡಿಸಿ ನೋಡಿದಾಗ ಸದ್ದು ಇಳಿದಿತ್ತು, ಬಿಸಿ ಇಳಿದಿರಲಿಲ್ಲ. ಪಕ್ಕದ ಸೀಟಿನ ಕಾಲ ಬಳಿ ಐವತ್ತೆಂಟು ಡಿಗ್ರಿ. ಮೇಷ್ಟ್ರು ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದರು.

ಬಿಸಿಯ ಜೊತೆ ಅಕ್ಕನದು ಹಳೆಯ ಜಗಳ. ಅಪ್ಪ ಲಾರಿ ಡ್ರೈವರ್. ಇಂಜಿನ್ನಿನ ಮುಚ್ಚಳ ಕ್ಯಾಬಿನ್ನಿನ ಒಳಗೇ ಇದ್ದ ಕಾಲ. ಅಪ್ಪನ ಎಡಗಾಲು ಮೊಣಕಾಲಿನವರೆಗೆ ಕಪ್ಪಿಟ್ಟು, ಒಂದೂ ಕೂದಲಿಲ್ಲದೆ ಸುಟ್ಟ ಬದನೆಕಾಯಿಯಂತಿತ್ತು. ಕಿವಿಯೂ ಮಂದ. "ಉಪ್ಪು ಕೊಡಿ ಅನ್ನೋಕೂ ನಮ್ಮನೇಲಿ ಕೂಗಬೇಕಿತ್ತು. ನನ್ನ ಬಾಯಿ ಹೀಗಾಗಿದ್ದೇ ಅಲ್ಲಿ" ಎಂದು ಅಕ್ಕ ನಗುತ್ತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಳೆಯ ಕಂಬಳಿಗಳನ್ನು ಹೊಲಿದು ಆ ಮುಚ್ಚಳಕ್ಕೆ ಹೊದಿಸಿದರು. ಮೂರನೇ ಟ್ರಿಪ್ಪಿಗೆ ಕಂಬಳಿ ಹೊತ್ತಿಕೊಂಡಿತು. ಅಪ್ಪ ಅದನ್ನು ರಸ್ತೆಗೆಸೆದು, ಅಂಗೈ ಸುಟ್ಟುಕೊಂಡು ಮನೆಗೆ ಬಂದರು. ಬೈಯಲಿಲ್ಲ. "ಬಿಸಿ ತಡೀತು ಮಗಳೇ, ಬೆಂಕಿ ತಡೀಲಿಲ್ಲ" ಎಂದರಂತೆ. ಮದುವೆಯಾಗಿ, ಕಾರಿನ ಸೀಟು ಹೊಲಿಯುವ ಗಂಡನ ಜೊತೆ ಈ ಶೆಡ್ಡಿಗೆ ಬಂದ ಮೇಲೂ ಆ ಮಾತು ಅವರನ್ನು ಬಿಡಲಿಲ್ಲ. ಯಾವುದು ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಎಂದು ತುಂಡು ತುಂಡನ್ನೂ ಸ್ಟವ್ವಿನ ಮೇಲೆ ಹಿಡಿದು ಹಿಡಿದು ಕಲಿತರು. ಅಡುಗೆಮನೆಯ ಗೋಡೆಯ ಮಸಿ ಇಂದಿಗೂ ಹೋಗಿಲ್ಲ.

"ಸಿಕ್ತು! ಸಿಕ್ತು ಕಣ್ರೀ! ಕೈ ಅಲುಗಾಡಿಸಬೇಡಿ!"

ಕಪ್ಪು ಬಟ್ಟೆಯ ಕತ್ತಲೊಳಗೆ, ದಿಬ್ಬದ ಮುಂದಿನ ಅಂಚಿನಲ್ಲಿ, ಕೂದಲೆಳೆಯಷ್ಟು ಬೆಳಕು. ಬೆಳಕು ತೂರಿದಲ್ಲಿ ಬಿಸಿಗಾಳಿಯೂ ತೂರುತ್ತದೆ. ಅಕ್ಕ ಬೆರಳಾಡಿಸಿ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಅವರೇ ಅಂಟಿಸಿದ ರಬ್ಬರ್ ಹಾಳೆ ಕಾಲಿಂಚು ಜಾಸ್ತಿಯಾಗಿ ಅಂಚಿನ ಅಡಿಗೆ ಮಡಚಿಕೊಂಡಿದೆ. ಅದರಿಂದ ದಿಬ್ಬ ನೆಲಕ್ಕೆ ಸರಿಯಾಗಿ ಕೂತೇ ಇಲ್ಲ.

"ಊರೆಲ್ಲ ಕಳ್ಳನ್ನ ಹುಡುಕಿದೆ, ಕಳ್ಳಿ ನಾನೇ! ತಪ್ಪು ನಂದೇ ರೀ."

"ಬ್ಲೇಡ್ ಕೊಡ್ಲಾ?" ಎನ್ನುತ್ತಾರೆ ಗಂಡ. ಅಂದಿನ ಅವರ ಮೊದಲ ಮಾತು.

ಹದಿನಾರು ಬೋಲ್ಟ್ ಬಿಚ್ಚಿ, ಹೆಚ್ಚಾದದ್ದನ್ನು ಕೊಯ್ದು, ಅಂಚಿನುದ್ದಕ್ಕೂ ಬಿಸಿ ತಾಳುವ ಹೊಸ ಪಟ್ಟಿ ಕೂರಿಸಿ, ಮತ್ತೆ ಹದಿನಾರು ಬಿಗಿದು, ಸೀಟುಗಳನ್ನು ಜಾಗಕ್ಕೆ ಕೂರಿಸುವಷ್ಟರಲ್ಲಿ ಒಂಬತ್ತು ಗಂಟೆ. ಮೇಷ್ಟ್ರು ಬರುತ್ತಾರೆ. ಹಿಂದೆಯೇ ಮೇಡಂ. ಕೈಯಲ್ಲಿ ಒದ್ದೆ ಮಾಡಿದ ಟವೆಲ್.

"ಇದು ಕೊನೇ ಸಲ. ಕಾಲು ಸುಟ್ಟರೆ ಅಲ್ಲೇ ಇಳಿದು ಆಟೋ ಹಿಡೀತೀನಿ" ಎಂದು ಟವೆಲನ್ನು ಮಂಡಿಯ ಮೇಲೆ ಹಾಸಿಕೊಂಡು ಕೂರುತ್ತಾರೆ.

"ದೊಡ್ಡ ರಸ್ತೆವರೆಗೆ ಹೋಗಿ ಬನ್ನಿ. ಹದಿನೈದು ನಿಮಿಷ ಸಾಕು" ಎಂದು ಅಕ್ಕ ಬಾಗಿಲು ಹಾಕುತ್ತಾರೆ.

ಹದಿನೈದು ನಿಮಿಷ ಇಪ್ಪತ್ತೈದಾಗುತ್ತದೆ. ಅಕ್ಕ ಶೆಡ್ಡಿಗೂ ಗೇಟಿಗೂ ಓಡಾಡುತ್ತಾರೆ. ಮೂವತ್ತೈದು. ಮೇಷ್ಟ್ರ ಫೋನ್ ರಿಂಗಾಗುತ್ತದೆ, ಎತ್ತುವವರಿಲ್ಲ. ಅಕ್ಕನ ಕಣ್ಣ ಮುಂದೆ ರಸ್ತೆಯಲ್ಲಿ ಉರಿಯುವ ಕಂಬಳಿ. "ಹೊಗೆ ಕಾಣ್ತಿದೆಯೇನ್ರೀ?" ಎಂದು ಪೇಂಟರನ್ನು ಮೂರು ಸಲ ಕೇಳುತ್ತಾರೆ. ಐವತ್ತನೇ ನಿಮಿಷಕ್ಕೆ ತಿರುವಿನಲ್ಲಿ ಕೆಂಪು ಬಣ್ಣ ಮಿಂಚುತ್ತದೆ. ಸ್ಟೇರಿಂಗ್ ಹಿಡಿದಿರುವವರು ಮೇಡಂ! ಪಕ್ಕದ ಸೀಟಿನಲ್ಲಿ ಮೇಷ್ಟ್ರು, ಕೊರಳಿಗೆ ಟವೆಲ್ ಸುತ್ತಿಕೊಂಡು, ಜೀವ ಅಂಗೈಯಲ್ಲಿ ಹಿಡಿದು ಕೂತಿದ್ದಾರೆ.

"ಮೂವತ್ತಾರು ಡಿಗ್ರಿ!" ಎಂದು ಮೇಷ್ಟ್ರು ಇಳಿಯುವ ಮೊದಲೇ ಕೂಗುತ್ತಾರೆ.

"ಯಾಕೆ ಕಿರುಚ್ತೀರಾ? ದಾರಿಯುದ್ದಕ್ಕೂ ಹೀಗೇ. ನಾನು ಮೆಲ್ಲಗೆ ಕೇಳಿದ್ರೆ ಇವರು ಅರಚಿ ಉತ್ತರ ಕೊಡೋದು. ಕೇಳಿಸ್ತಿದೆ ಅಂತ ನಂಬಿಕೆ ಬರೋಕೇ ಹತ್ತು ಮೈಲಿ ಬೇಕಾಯ್ತು" ಎನ್ನುತ್ತಾರೆ ಮೇಡಂ. ಆಮೇಲೆ ಅಕ್ಕನ ಕೈ ಹಿಡಿದು, "ಮಾತಾಡ್ತಾ ಮಾತಾಡ್ತಾ ವಾಪಸ್ ತಿರುಗೋದೇ ಮರೆತುಹೋಯ್ತು, ಅಕ್ಕ. ಇದನ್ನ ಯಾರಿಗೂ ಕೊಡಲ್ಲ. ಹನ್ನೊಂದು ವರ್ಷ ನನ್ನ ಗಂಡನ್ನ ಕಿತ್ಕೊಂಡಿತ್ತು, ಈಗ ನಾನು ಇದನ್ನ ಕಿತ್ಕೋತೀನಿ" ಎನ್ನುತ್ತಾರೆ.

ಅಕ್ಕನ ಕಣ್ಣು ತುಂಬಿದೆ. ಗಂಡ ಬೇರೆ ಕಡೆ ನೋಡುತ್ತಾ ಇಲ್ಲದ ಧೂಳನ್ನು ಬಾನೆಟ್ಟಿನಿಂದ ಒರೆಸುತ್ತಿದ್ದಾರೆ. ಮೇಡಂ ಮೇಷ್ಟ್ರತ್ತ ತಿರುಗುತ್ತಾರೆ: "ನೀವಿಳೀರಿ. ಅಕ್ಕ ಕೂರಲಿ."

ನಾನೂರು ಗಾಡಿ ಮುಟ್ಟಿದವರು ದೊಡ್ಡ ರಸ್ತೆಯಲ್ಲಿ ಒಂದರಲ್ಲೂ ಕೂತು ಹೋದವರಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂರುತ್ತಾರೆ. ಕಾರು ಚಿಮ್ಮುತ್ತದೆ. ಮರಗಳು ಓಡುತ್ತವೆ, ಎದುರು ಬಂದ ಬಸ್ಸಿನ ಜನ ಕಿಟಕಿಯಿಂದ ಕೈ ಬೀಸುತ್ತಾರೆ. ಅಕ್ಕ ಯಾರನ್ನೂ ನೋಡುತ್ತಿಲ್ಲ. ಒಂದು ಕೈ ದಿಬ್ಬದ ಮೇಲೆ, ಕಿವಿ ಹಿಂದಕ್ಕೆ.

"ಹೇಗಿದೆ ಅಕ್ಕ?" ಎಂದು ಮೇಡಂ ಕೇಳುತ್ತಾರೆ.

"ಹಿಂದಿನ ಚಕ್ರದ ಹತ್ರ ಸಣ್ಣದೊಂದು ಗುಂಯ್ ಅಂತಿದೆ. ನಿಮಗೆ ಕೇಳಿಸಲ್ಲ. ನಾಳೆ ಬೆಟ್ಟಕ್ಕೆ ಹೋಗಿ ಬನ್ನಿ, ನಾಡಿದ್ದು ಗಾಡಿ ನನ್ನ ಹತ್ರ ಬಿಟ್ಟುಹೋಗಿ."